ಹುಲ್ಲಿನ ಟೈರಿಗೆ ಚೈನು

ನಮ್ಮವರನ್ನು, ಅಂದರೆ ನನ್ನ ಗಂಡನನ್ನು, ಯಾರೇ ‘ಆರಾಮ ಏನ್ರಿ’ ಎಂದು ಕೇಳಲಿ, ಉತ್ತರ ಒಂದೇ: ‘ಆರಾಮರೀ.’ ಜ್ವರದಲ್ಲಿ ಮೈ ಸುಡುತ್ತಿದ್ದರೂ ಆರಾಮ. ವಿಜಾಪುರದ ಕಡೆಯ ನಾವೆಲ್ಲ ಹಾಗೆಯೇ, ನಮ್ಮ ತ್ರಾಸನ್ನು ಕೇಳಿದವರ ತಲೆಗೆ ಯಾಕೆ ಕಟ್ಟಬೇಕು ಎನ್ನುವವರು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗತೊಡಗಿದ ಮೇಲೂ ಅವರ ಈ ಚಾಳಿ ಬಿಡಲಿಲ್ಲ. ಸತ್ತ ಮೇಲೂ ಆರಾಮ ಅನ್ನುವ ಮನುಷ್ಯ ನೀವು ಎಂದು ಎಷ್ಟೋ ಸಲ ಬೈದಿದ್ದೆ.

ಎರಡು ಸಾವಿರದ ಒಂಬತ್ತರ ಫೆಬ್ರವರಿಯ ಒಂದು ಸೋಮವಾರ ಎದ್ದು ನೋಡಿದರೆ ಕೆಂಟನ್ ಬಡಾವಣೆಯ ನಮ್ಮ ಏರು ಓಣಿಯಲ್ಲಿ ರಸ್ತೆ ಯಾವುದು, ಫುಟ್‌ಪಾತ್ ಯಾವುದು ತಿಳಿಯುತ್ತಿರಲಿಲ್ಲ. ರಾತ್ರಿಯಿಡೀ ಹಿಮ ಬಿದ್ದು ಲಂಡನ್ನಿನ ಬಸ್ಸುಗಳೆಲ್ಲ ನಿಂತಿದ್ದವು. ಸೋಮವಾರ ನಮಗೆ ಡಯಾಲಿಸಿಸ್ ದಿನ. ಶನಿವಾರ ಭಾನುವಾರದ ನೀರೆಲ್ಲ ಮೈಯಲ್ಲೇ ಉಳಿದಿರುತ್ತದೆ. ನಮ್ಮವರು ಮಲಗಲಾರದೆ ದಿಂಬಿಗೆ ಒರಗಿ ಕೂತು ಬಾಯಿಂದ ಉಸಿರಾಡುತ್ತಿದ್ದರು. ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ.

ನಾನು ಅಡುಗೆಮನೆಯಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಹೇಗಿದ್ದೀರಿ ಎಂದು ಕೇಳಿರಬೇಕು. ‘ಫೈನ್, ಫೈನ್, ಥ್ಯಾಂಕ್ಯೂ’ ಎಂದು ಇವರು ಉಸಿರು ಬಿಗಿಹಿಡಿದು ಹೇಳಿದ್ದು ಕೇಳಿಸಿತು. ನಾನು ಓಡಿಬರುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ತೀರಾ ತ್ರಾಸಿದ್ದವರನ್ನು ಮೊದಲು ಕರೆಸುತ್ತಾರಂತೆ, ಇವರ ಸರದಿ ನಾಳೆಗಂತೆ.

‘ಅವರರೆ ಪಾಪ ಏನ್ ಮಾಡ್ತಾರ,’ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಹೆದರಿಕೆ. ಆ ಉಸಿರು ನಾಳೆಯವರೆಗೆ ನಡೆಯುವುದಿಲ್ಲ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಎಷ್ಟು ಹೊತ್ತಾಗುತ್ತದೋ ಹೇಳಲಾರೆವು ಎಂದರು. ಆಸ್ಪತ್ರೆಯವರು ಫೋನಿನಲ್ಲಿ ಸಿಕ್ಕಾಗ, ನಿಮ್ಮ ಯಜಮಾನರೇ ಫೈನ್ ಅಂದರಲ್ಲ ಎಂದರು. ಅತ್ತು ಕರೆದ ಮೇಲೆ ಒಂದು ಮಾತು ಕೊಟ್ಟರು. ರೋಗಿಗಳನ್ನು ಕರೆತರುವ ಗಾಡಿ ಕೆಳಗಿನ ದೊಡ್ಡ ರಸ್ತೆಯಲ್ಲಿ ಹಾದುಹೋಗುತ್ತದೆ. ನಿಮ್ಮ ಓಣಿಯ ಏರಿನಲ್ಲಿ ಹಿಮ ತೆಗೆದು ದಾರಿ ಮಾಡಿದ್ದರೆ ಡ್ರೈವರ್ ಬಂದು ನೋಡುತ್ತಾನೆ, ಅವಶ್ಯವೆನಿಸಿದರೆ ಕರೆತರುತ್ತಾನೆ. ಕುರ್ಚಿಯಲ್ಲಿ ಹೊತ್ತು ಇಳಿಸೋಣವೆಂದರೆ ಆ ಇಳಿಜಾರಿನಲ್ಲಿ ಬರಿಗೈಯಲ್ಲಿ ನಿಲ್ಲುವುದೇ ಕಷ್ಟವಾಗಿತ್ತು.

ಓಣಿಯ ಮೇಲ್ತುದಿಯ ಆಟದ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲೊಂದು ಸಣ್ಣ ಟ್ರ್ಯಾಕ್ಟರಿತ್ತು, ಮುಂದೆ ಸಿಕ್ಕಿಸುವ, ಹಿಮ ತಳ್ಳುವ ಬ್ಲೇಡೂ ಇತ್ತು. ಮ್ಯಾನೇಜರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಹೊರಡುವಾಗ ಇವರ ಪಕ್ಕ ಸ್ಟೀಲಿನ ತಾಟು, ಸೌಟು ಇಟ್ಟು, ‘ಏನರೆ ಆದ್ರ ಜೋರಾಗಿ ಬಡೀರಿ,’ ಎಂದೆ. ಹೂಂ ಎಂದರು. ಬಡಿಯುವ ಜೀವವಲ್ಲ ಎಂಬುದೇ ನನ್ನ ಭಯವಾಗಿತ್ತು.

ಹುಲ್ಲು ಕಿತ್ತುಬರಬಾರದೆಂದು ಆ ಟ್ರ್ಯಾಕ್ಟರಿಗೆ ಹಾಕಿದ್ದು ಅಗಲವಾದ ನುಣುಪು ಟೈರು. ಶೆಡ್ಡಿನ ಬಾಗಿಲು ದಾಟಿದ್ದೇ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನುಗಳು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದವು. ಕೊಂಡು ತಂದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ, ಹಾಗಿತ್ತು ನನ್ನ ಅವಸ್ಥೆ. ಚೈನನ್ನು ಟೈರಿನ ಮೇಲೆ ಬಲೆಯಂತೆ ಹೊದಿಸಿ, ಗಾಡಿಯನ್ನು ತುಸು ಮುಂದೆ ಸರಿಸಿ, ಹಿಮದಲ್ಲಿ ಅಂಗಾತ ಮಲಗಿ ಒಳಗಿನ ಕೊಂಡಿ ಹುಡುಕಿದೆ. ಗ್ಲೌಸಿನಲ್ಲಿ ಕೊಂಡಿ ಸಿಗಲಿಲ್ಲ, ಗ್ಲೌಸು ತೆಗೆದರೆ ಬೆರಳೇ ನನ್ನದಾಗಿರಲಿಲ್ಲ. ಸಿಕ್ಕಿತೆನ್ನುವಷ್ಟರಲ್ಲಿ ಜಾರುತ್ತಿತ್ತು. ದೇವರನ್ನೂ ಬೈದೆ, ಚೈನನ್ನೂ ಬೈದೆ, ಫೈನ್ ಎಂದ ಗಂಡನನ್ನು ಎಲ್ಲರಿಗಿಂತ ಹೆಚ್ಚು ಬೈದೆ.

ಅಂತೂ ಎರಡೂ ಚಕ್ರಕ್ಕೆ ಹಾಕಿ ರಸ್ತೆಗಿಳಿದೆ. ಬ್ಲೇಡು ಹಿಮವನ್ನು ಪಕ್ಕಕ್ಕೆ ಮಗುಚುತ್ತ ಹೋಯಿತು. ನಮ್ಮ ಮನೆ ದಾಟುವಷ್ಟರಲ್ಲಿ ಒಂದು ಚೈನು ಸಡಿಲಾಗಿ ಮಡ್‌ಗಾರ್ಡಿಗೆ ಫಟಫಟ ಬಡಿಯತೊಡಗಿತು. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕೆಂಬುದು ನನಗೆ ತಿಳಿದಿರಲಿಲ್ಲ. ಇಳಿಜಾರಿನ ನಡುವೆ ಗಾಡಿ ಅಡ್ಡಕ್ಕೆ ಜಾರಿ ನಿಂತಿತು. ಎಂಜಿನ್ ಆರಿಸಿ ಕಿವಿಗೊಟ್ಟೆ. ತಾಟಿನ ಸದ್ದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಚಕ್ರದ ಪಕ್ಕ ಕೂತು ಗಟ್ಟಿಯಾಗಿ ಅತ್ತೆ. ಅಳುತ್ತಲೇ ಎರಡೂ ಚೈನು ಬಿಗಿದೆ. ಆಮೇಲೆ ಅವು ಹಿಮವನ್ನು ಕಚ್ಚಿ ಹಿಡಿದವು. ಕೆಳಗಿನವರೆಗೆ ಹೋಗಿ, ತಿರುಗಿ ಏರಿ, ಮತ್ತೆ ಇಳಿದು, ಒಂದು ಗಾಡಿ ಬರುವಷ್ಟು ದಾರಿ ಮಾಡಿದೆ.

ಡ್ರೈವರ್ ಬಂದ. ಅವನೊಂದಿಗೆ ಒಳಗೆ ಓಡಿದೆ. ನಮ್ಮವರು ಕೂತಲ್ಲೇ ಇದ್ದರು, ತುಟಿ ನೀಲಿಗಟ್ಟಿತ್ತು. ಸೌಟು ಇಟ್ಟಲ್ಲೇ ಇತ್ತು. ಇನ್ನೂ ಕೆಲವರು ಕಾದಿದ್ದಾರೆ, ನಾಳೆಯವರೆಗೆ ತಡೆಯಬಲ್ಲಿರಾ, ಹೇಗನಿಸುತ್ತಿದೆ ಎಂದು ಆತ ಇವರನ್ನೇ ಕೇಳಿದ. ಇವರಿಗೆ ಮಾತು ಹೊರಡಲಿಲ್ಲ. ನನ್ನತ್ತ ತಿರುಗಿ, ‘ಆರಾಮ ಅದೀನಂತ ಹೇಳ,’ ಎಂದು ಪಿಸುಗುಟ್ಟಿದರು.

ಇವರು ಆರಾಮಿಲ್ಲ, ಸಾಯುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೊರಗಿನವರ ಎದುರು ಗಂಡನ ಮಾತನ್ನು ತೆಗೆದುಹಾಕಿದ್ದು ಅದೇ ಮೊದಲು. ಅಷ್ಟು ಇಂಗ್ಲಿಷು ಅವರಿಗೂ ಬರುತ್ತಿತ್ತು. ಡ್ರೈವರ್ ಕುರ್ಚಿ ತರಲು ಗಾಡಿಯತ್ತ ಓಡಿದ. ನಮ್ಮವರು ನನ್ನನ್ನೇ ನೋಡಿದರು. ಗ್ರೀಸು ಹತ್ತಿದ ನನ್ನ ಕೈ ಹಿಡಿದುಕೊಂಡರು, ಅಲ್ಲ ಎನ್ನಲಿಲ್ಲ.