ಹೊಸದಪ್ಪನ ಮೆಚ್ಚುಗೆ ಸಭೆ

ಅವನು ನನ್ನ ಸ್ವಂತ ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಯಾರೋ ಹೊರಗಿನವನ ಮೇಲೆ ಈ ಹೆಂಗಸು ಯಾಕಿಷ್ಟು ಕಿಡಿಕಾರುತ್ತಾಳೆ ಎಂದು ನಿಮಗೆ ಅನ್ನಿಸೀತು. ನಾನು ಕೆಲಸ ಮಾಡುವ ಚಪ್ಪಲಿ ಕಾರ್ಖಾನೆಯಲ್ಲೇ ಅವನು ಸಾಹೇಬ. ಅಲ್ಲಿ ಅವನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಬಾಯಿ ತೆರೆದರೆ "ಹೊಸದೇನಪ್ಪಾ ಅಂದ್ರೆ" ಎಂದೇ ಶುರು ಮಾಡುತ್ತಾನಲ್ಲ, ಅದಕ್ಕೇ ಎಲ್ಲರ ಬಾಯಲ್ಲಿ ಅವನು ಹೊಸದಪ್ಪ.

ಮೊದಲು ಗೇಟಿನ ಪಕ್ಕದ ಗೂಡಿನಲ್ಲಿ ಕೂತು ನಮ್ಮ ಹಾಜರಿ ಹಾಕುತ್ತಿದ್ದ. ಆಗ ಮನುಷ್ಯನಾಗಿದ್ದ. ತಡವಾಗಿ ಏದುಸಿರು ಬಿಡುತ್ತಾ ಬಂದವರನ್ನು "ಹೋಗಿ ಹೋಗಿ, ನಾನು ನೋಡೇ ಇಲ್ಲ" ಎಂದು ಒಳಗೆ ಬಿಡುತ್ತಿದ್ದ. ಆಮೇಲೆ ಸಂಜೆ ಕಾಲೇಜಿಗೆ ಹೋಗಿ ಎಚ್.ಆರ್. ಓದಿಕೊಂಡ, ಗಾಜಿನ ಕೋಣೆ ಸಿಕ್ಕಿತು. ಅಲ್ಲಿಂದ ಆ ಕೋಣೆಯ ಬೋರ್ಡಿಗೆ ನೆಮ್ಮದಿಯಿಲ್ಲ. ಪರ್ಸನೆಲ್ ಆಫೀಸ್ ಇದ್ದದ್ದು ಎಚ್.ಆರ್. ಆಯಿತು, ಈಗ ಪೀಪಲ್ ಅಂಡ್ ಕಲ್ಚರ್ ಅಂತೆ. ಬಾಗಿಲು ಮಾತ್ರ ಹಳೆಯದೇ, ತಳ್ಳಿದರೆ ಕಿರ್ರೋ ಎನ್ನುತ್ತದೆ.

ಅವನು ಟ್ರೈನಿಂಗಿಗೆ ಹೋದನೆಂದರೆ ನಮ್ಮ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಒಮ್ಮೆ ಬಂದವನೇ, ನಿಂತು ಕೆಲಸ ಮಾಡಿದರೆ ಚುರುಕು ಎಂದು ಬೆಂಚಿನ ಮುಂದಿದ್ದ ಸ್ಟೂಲುಗಳನ್ನೆಲ್ಲ ಎತ್ತಿಸಿದ. ಮುಂದಿನ ಟ್ರೈನಿಂಗಿನಲ್ಲಿ ಬೆನ್ನುನೋವಿನ ಪಾಠ ಆಗಿರಬೇಕು, ಸ್ಟೂಲು ವಾಪಸ್ ಬಂದವು. ಇನ್ನೊಮ್ಮೆ, ಬೆಳಿಗ್ಗೆ ಒಳಗೆ ಬರುವಾಗ ಇವತ್ತು ಮನಸ್ಸು ಹೇಗಿದೆ ಎಂದು ನಗುವ ಮುಖದ ಗುಂಡಿಯನ್ನೋ ಅಳುವ ಮುಖದ ಗುಂಡಿಯನ್ನೋ ಒತ್ತಿ ಬರಬೇಕೆಂದು ಬಾಗಿಲಲ್ಲಿ ಯಂತ್ರ ಹಾಕಿಸಿದ. ನಾನು ಕೇಳಿದೆ, "ಅಂಟಿನ ವಾಸನೆಗೆ ತಲೆ ಸಿಡೀತಿದೆ ಕಣೋ, ಆ ಕಿಟಕಿ ಒಂದು ತೆಗೆಸೋ."

"ಕಿಟಕಿ ಮೆಂಟೆನೆನ್ಸ್‌ನವರದ್ದು ಅಕ್ಕ. ನನ್ನದು ಮನಸ್ಸು" ಎಂದ. ಥೂ!

ಅವನಿಗೊಂದು ಭಯ, ಅದನ್ನೂ ಹೇಳಬೇಕು. ಊಟದ ಹೊತ್ತಿನಲ್ಲೂ ಫೋನಿನೊಳಗೆ ಮುಖ ಹುದುಗಿಸಿ ಯಾವ ಊರಿನ ಯಾವ ಕಂಪನಿ ಏನು ಮಾಡುತ್ತಿದೆ ಎಂದು ಓದುತ್ತಿರುತ್ತಾನೆ. "ಹಿಂದೆ ಬಿದ್ರೆ ನನ್ನ ಕುರ್ಚಿಗೆ ಬೇರೆ ಯಾರನ್ನಾದ್ರೂ ತರ್ತಾರೆ ಅಕ್ಕ" ಎನ್ನುತ್ತಾನೆ. ಕುರ್ಚಿ ಉಳಿಸಿಕೊಳ್ಳಲಿ, ಯಾರು ಬೇಡವೆಂದರು? ಉಳಿದವರ ಸ್ಟೂಲಿಗೆ ಯಾಕೆ ಕೈ ಹಾಕಬೇಕು?

ನಮ್ಮದು ಅಟ್ಟೆಗೆ ಅಂಟು ಹಚ್ಚುವ ಬೆಂಚು. ನಾಲ್ಕು ಜನ ಹೆಂಗಸರು. ಎಷ್ಟು ಜೋಡಿ ಮುಗಿಯಿತು ಎನ್ನುವುದು ಬೆಂಚಿನ ಲೆಕ್ಕವೇ ಹೊರತು ಒಬ್ಬೊಬ್ಬರದ್ದಲ್ಲ. ನಮ್ಮಲ್ಲಿ ಹಿರಿಯಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದೆವು. ನನಗೆ ಬ್ರಷ್ ಹಿಡಿಯಲು ಕಲಿಸಿದವಳು ಅವಳೇ. ಕಾಯಿಲೆ ಬಿದ್ದು ಎದ್ದ ಮೇಲೆ ಅವಳ ಕೈ ನಡುಗತೊಡಗಿತು, ಅಂಟು ಅಂಚು ದಾಟಿ ಮೇಲೆ ಬಳಿದುಹೋಗುತ್ತಿತ್ತು. ಅವಳ ಪಾಲಿನ ಜೋಡಿಗಳನ್ನು ನಾವು ಮೂವರೂ ಮಾತಿಲ್ಲದೆ ನಮ್ಮ ಕಡೆ ಎಳೆದುಕೊಂಡೆವು. ಅವಳು ಅಟ್ಟೆ ಒರೆಸಿ ಜೋಡಿಸಿ ಕೊಡುತ್ತಿದ್ದಳು. ಮೇಸ್ತ್ರಿ ಕಂಡೂ ಕಾಣದ ಹಾಗೆ ಓಡಾಡುತ್ತಿದ್ದ. ಬರುವ ವರ್ಷದ ತನಕ ಹೀಗೇ ತಳ್ಳಿದ್ದರೆ ಅವಳಿಗೆ ಪಿಂಚಣಿ ಸಿಗುತ್ತಿತ್ತು. ಅಷ್ಟೇ ಬೇಕಾಗಿದ್ದದ್ದು.

ಅಷ್ಟರಲ್ಲಿ ಹೊಸದಪ್ಪ ಇನ್ನೊಂದು ಟ್ರೈನಿಂಗ್ ಮುಗಿಸಿ ಬಂದ. ಹೊಸದೇನಪ್ಪಾ ಅಂದ್ರೆ, ಮೆಚ್ಚುಗೆ ಸಭೆ. ಪ್ರತಿ ಶನಿವಾರ ಎಲ್ಲರೂ ದುಂಡಗೆ ನಿಲ್ಲಬೇಕು, ಮೈಕು ಕೈಯಿಂದ ಕೈಗೆ ಹೋಗಬೇಕು, ಒಬ್ಬೊಬ್ಬರೂ ಜೊತೆ ಕೆಲಸಗಾರರಿಗೆ ಥ್ಯಾಂಕ್ಸ್ ಹೇಳಬೇಕು. "ಮನಸ್ಸು ಬಿಚ್ಚಿ ಮಾತಾಡಿ, ಇಲ್ಲಿ ಎಲ್ಲ ನಮ್ಮವರೇ" ಎಂದ. ಮೊದಲ ಸಭೆ ನೋಡಲು ದೊಡ್ಡ ಸಾಹೇಬರೂ ಟೀ ಹಿಡಿದುಕೊಂಡು ಬಂದು ನಿಂತಿದ್ದರು.

ನಾವೆಲ್ಲ ನೀರು ತಂದುಕೊಟ್ಟದ್ದಕ್ಕೆ, ಬ್ರಷ್ ತೊಳೆದದ್ದಕ್ಕೆ ಎಂದು ಏನೋ ಒದರಿ ಮೈಕು ದಾಟಿಸಿದೆವು. ಚಿಕ್ಕಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳನ್ನು ಮಾತಾಡು ಎಂದಿದ್ದರು.

"ನಮ್ಮ ಬೆಂಚಿನ ಮಕ್ಕಳಿಗೆ ನಾನು ಥ್ಯಾಂಕ್ಸ್ ಹೇಳ್ಬೇಕು. ನನ್ನ ಕೈ ನಡುಗೋಕೆ ಶುರುವಾದಾಗಿಂದ ನನ್ನ ಪಾಲಿಂದೆಲ್ಲ ಅವರೇ ಮಾಡ್ತಾರೆ. ಒಂದು ದಿನಾನೂ ಮುಖ ಗಂಟು ಹಾಕಿಲ್ಲ."

ಮೇಸ್ತ್ರಿ ತಲೆ ತಗ್ಗಿಸಿದ. ದೊಡ್ಡ ಸಾಹೇಬರು ಟೀ ಕುಡಿಯುವುದನ್ನು ನಿಲ್ಲಿಸಿ ನಮ್ಮ ಬೆಂಚಿನ ಕಡೆ ನೋಡಿದರು. ಚಪ್ಪಾಳೆ ತಟ್ಟಿದವನು ಒಬ್ಬನೇ, ನನ್ನ ತಮ್ಮ. ಕಣ್ಣಲ್ಲಿ ನೀರು ಬೇರೆ ಬಂದಿತ್ತು ಅವನಿಗೆ.

ಸೋಮವಾರ ಚಿಕ್ಕಮ್ಮನನ್ನು ಗಾಜಿನ ಕೋಣೆಗೆ ಕರೆಸಿದ. ಅವಳು ಹೊರಗೆ ಬಂದ ರೀತಿ ನೋಡಿಯೇ ಕೆಲಸ ಹೋಯಿತೆಂದು ನನಗೆ ಗೊತ್ತಾಯಿತು. ಬ್ರಷ್ ಬಿಸಾಕಿ ಒಳಗೆ ನುಗ್ಗಿದೆ.

"ಏನೋ ಮಾಡ್ದೆ ಅವಳಿಗೆ?"

"ಅಕ್ಕ, ಇಲ್ಲಿ ನನ್ನ ಸರ್ ಅನ್ನು."

"ಸರ್ ಅಂತೆ ಸರ್, ನಿನ್ನ ತಲೆ! ನಿನ್ನ ಮಾತು ನಂಬಿ ಬಾಯಿ ಬಿಟ್ಲು ಕಣೋ ಅವಳು. ಮನಸ್ಸು ಬಿಚ್ಚಿ ಅಂದೋನು ನೀನೇ ತಾನೆ?"

"ತುಂಬಾ ಒಳ್ಳೆ ಮಾತಾಡಿದ್ರು, ನಾನು ಇಲ್ಲ ಅನ್ನಲ್ಲ. ಆದ್ರೆ ಮೂರು ಜನ ಮಾಡೋ ಕೆಲಸಕ್ಕೆ ನಾಲ್ಕು ಜನ ಯಾಕೆ ಅಂತ ದೊಡ್ಡ ಸಾಹೇಬ್ರು ಕೇಳಿದ್ರು. ನಾನೇನು ಹೇಳ್ಲಿ?"

"ಇನ್ನೊಂದು ವರ್ಷ ಇದ್ರೆ ಪಿಂಚಣಿ ಬರುತ್ತೆ ಅಂತ ಹೇಳು. ಗೇಟಲ್ಲಿ ಹೇಳ್ತಿದ್ಯಲ್ಲ, ನಾನು ನೋಡೇ ಇಲ್ಲ ಅಂತ, ಅದನ್ನ ಹೇಳು!"

"ಈಗ ಹಾಗೆಲ್ಲ ನಡೆಯಲ್ಲ ಅಕ್ಕ. ಈಗೆಲ್ಲ ಟ್ರಾನ್ಸ್‌ಪರೆನ್ಸಿ."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕೆನ್ನೆಗೆ ಎರಡು ಬಿಡಬೇಕಿತ್ತು, ಗಾಜಿನಾಚೆ ಎಲ್ಲರೂ ನೋಡುತ್ತಿದ್ದರು.

ಆ ವಾರದ ಸಭೆಯಲ್ಲೇ ಅವಳನ್ನು ಬೀಳ್ಕೊಟ್ಟರು. ಹೂಗುಚ್ಛ ಕೊಟ್ಟು ಫೋಟೋ ತೆಗೆದರು. ಅವಳು ನನ್ನ ಹತ್ತಿರ ಬಂದು, "ನಾನು ಏನಾದ್ರೂ ತಪ್ಪು ಮಾತಾಡಿದ್ನೇನೇ?" ಎಂದು ಮೆಲ್ಲಗೆ ಕೇಳಿದಳು. ಅವಳ ಕೈಯಿಂದ ಹೂಗುಚ್ಛ ಇಸಿದುಕೊಂಡು ಗೇಟಿನ ತನಕ ಜೊತೆಗೆ ನಡೆದೆ.

ಮುಂದಿನ ಶನಿವಾರ ಮೈಕು ಮೊದಲು ನನ್ನ ಕೈಗೆ ಬಂತು. "ನಮ್ಮ ಬೆಂಚಿನ ಮೇಲಿರೋ ಫ್ಯಾನಿಗೆ ಥ್ಯಾಂಕ್ಸ್. ವಾರವೆಲ್ಲ ಚೆನ್ನಾಗಿ ತಿರುಗಿತು" ಎಂದು ಪಕ್ಕದವಳಿಗೆ ದಾಟಿಸಿದೆ. ಅವಳು ಅಂಟಿನ ಡಬ್ಬಿಗೆ ಹೇಳಿದಳು. ಮೇಸ್ತ್ರಿ ಗೋಡೆ ಗಡಿಯಾರಕ್ಕೆ ಹೇಳಿದ. ಯಾರೂ ನಗಲಿಲ್ಲ. ಅಂದಿನಿಂದ ನಮ್ಮಲ್ಲಿ ಯಾರೂ ಮನುಷ್ಯರಿಗೆ ಥ್ಯಾಂಕ್ಸ್ ಹೇಳಿಲ್ಲ.

ಭಾನುವಾರದ ಮಧ್ಯಾಹ್ನ ಅವನು ಊಟಕ್ಕೆ ನಮ್ಮ ಮನೆಗೇ ಬರುವುದು. ಅಮ್ಮ ಹೋದಾಗಿನಿಂದ ಹಾಗೆ. ಮೊನ್ನೆ ಊಟದ ಮಧ್ಯೆ ಕೇಳಿದ.

"ಅಕ್ಕ, ಎಲ್ಲರೂ ಫ್ಯಾನು, ಗಡಿಯಾರ, ಡಬ್ಬಿ ಅಂತಾರಲ್ಲ, ಯಾಕೆ? ನನಗೆ ಅರ್ಥಾನೇ ಆಗ್ತಿಲ್ಲ."

"ಫ್ಯಾನಿಗೆ ಮನೆಗೆ ಹೋಗು ಅನ್ನೋಕಾಗಲ್ವಲ್ಲ ನಿನ್ನ ಕೈಲಿ, ಅದಕ್ಕೆ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಹುಡುಗನಾಗಿದ್ದಾಗ ಬೈಸಿಕೊಂಡು ಕೂರುತ್ತಿದ್ದನಲ್ಲ, ಅದೇ ಮುಖ. ಅಬ್ಬಾ, ಕೊನೆಗೂ ತಲೆಗೆ ಹೋಯಿತು ಎಂದುಕೊಂಡೆ. ಅವನು ಎಡಗೈಯಲ್ಲಿ ಜೇಬಿನಿಂದ ಫೋನ್ ತೆಗೆದ.

"ಇದು ನಂಬಿಕೆಯ ಸಮಸ್ಯೆ ಅಕ್ಕ. ಇದಕ್ಕೇ ಅಂತ ಒಂದು ಹೊಸ ಟ್ರೈನಿಂಗ್ ಬಂದಿದೆ. ಇರು, ತೋರಿಸ್ತೀನಿ."

ನಾನು ಅವನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಊಟ ಇನ್ನೂ ಅರ್ಧ ಉಳಿದಿತ್ತು.