ಬ್ಯಾಸ್ಕೆಟ್‌ಬಾಲಿನ ಪಂಚಾಂಗ

ಭವಿಷ್ಯ ಹೇಳುವವರನ್ನು ನಾನು ನಂಬುವುದಿಲ್ಲ. ಮೊದಲು ಈ ಅಪನಂಬಿಕೆಗೆ ತರ್ಕ ಕಾರಣವಾಗಿತ್ತು, ಈಗ ಅನುಭವ. ಹೋದ ವರ್ಷ ನಾನೇ ಒಂದು ಭವಿಷ್ಯ ಹೇಳಿದೆ.

ನನ್ನ ಸೋದರಮಾವ ಪ್ರತಿ ಯುಗಾದಿಗೂ ಪಂಚಾಂಗ ಓದುತ್ತಾರೆ. ಅಲ್ಲಲ್ಲಿ ಮಳೆ, ಕೆಲವರಿಗೆ ರೋಗ, ರಾಜರಲ್ಲಿ ಪರಸ್ಪರ ವೈಮನಸ್ಯ. ಇವು ಯಾವ ಸಂವತ್ಸರದಲ್ಲಿ ಇರಲಿಲ್ಲ ಹೇಳಿ ಎಂದು ನಾನು ಕೇಳುತ್ತೇನೆ. "ಅದಕ್ಕೇ ಕಣೋ ಪಂಚಾಂಗ ಸುಳ್ಳಾಗೋದಿಲ್ಲ" ಎಂದು ಅವರು ಕೋಸಂಬರಿಯ ಬಟ್ಟಲಿಗೆ ಕೈ ಹಾಕುತ್ತಾರೆ. ಜ್ಯೋತಿಷ್ಯವು ಶಾಸ್ತ್ರವಲ್ಲ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ವಾದಿಸಿ ಬೆಳ್ಳಿಯ ಲೋಟ ಗೆದ್ದವನು ನಾನು. ಮರುತಿಂಗಳು ಅದೇ ಕೂಟದಲ್ಲಿ ಶಾಸ್ತ್ರವೇ ಹೌದು ಎಂದು ವಾದಿಸಿಯೂ ಗೆದ್ದೆ. ಅದನ್ನು ಮಾವನಿಗೆ ತಿಳಿಸಿಲ್ಲ.

ಇಂಥವನ ಬಳಿಗೆ ನಮ್ಮ ಕೈಬರಹದ ಪತ್ರಿಕೆಯ ಸಂಪಾದಕ ಬಂದು, ಆಷಾಢದಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಬಗ್ಗೆ ಮುಂಚಿತವಾಗಿ ಒಂದು ಲೇಖನ ಬರೆಯಬೇಕೆಂದ. ನಾಲ್ಕು ಕಾಲೇಜು ತಂಡಗಳು. ಯಾರ ಬಲವೇನು, ದೌರ್ಬಲ್ಯವೇನು, ಗೆಲ್ಲುವವರು ಯಾರು. ಮಹಾರಾಜರ ದಸರೆಯ ಹೊತ್ತಿಗೆ ನಡೆಯುವ ದೊಡ್ಡ ಪಂದ್ಯಗಳಿಗೆ ಇದು ಪೀಠಿಕೆ. ಬೇಸಿಗೆ ರಜೆಯಲ್ಲಿ ಮನೆಯ ತುಪ್ಪ, ಮಾವಿನಹಣ್ಣು ತಿಂದು ಬಂದ ಹುಡುಗರು ಆಷಾಢದ ಗಾಳಿಯಲ್ಲಿ ಚೆಂಡನ್ನು ಬುಟ್ಟಿಯ ಕಡೆಗೆ ಎಸೆಯುತ್ತಾರೆ. ಗಾಳಿ ಅದನ್ನು ಚಾಮುಂಡಿಬೆಟ್ಟದ ಕಡೆಗೆ ಒಯ್ಯುತ್ತದೆ.

ತಂಡಗಳ ನಿಜವಾದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರು, ಊರು, ಕೇರಿ ಹೇಳಿದ್ದರಿಂದ ಏನಾಯಿತೆಂಬುದನ್ನೇ ಬರೆಯುತ್ತಿದ್ದೇನಲ್ಲ. ಮೊದಲನೆಯವರು ಬೂಟಿನವರು. ಐದು ಜನಕ್ಕೂ ಕ್ಯಾನ್ವಾಸ್ ಬೂಟು; ಒದ್ದೆ ಮಣ್ಣಿನಲ್ಲಿ ಅವರು ಓಡುವುದಕ್ಕಿಂತ ಜಾರುವುದೇ ಹೆಚ್ಚು, ಆದರೆ ಜಾರುವುದರಲ್ಲೂ ಒಂದು ಗಾಂಭೀರ್ಯ. ಎರಡನೆಯವರು ಪೇಟದವರು. ಅಧಿಕಾರಿಗಳ ಮಕ್ಕಳು, ಅರಮನೆಯ ಸಂಬಂಧದವರು; ಜರಿಪೇಟ ತೆಗೆದು ಬೆಂಚಿನ ಮೇಲೆ ಸಾಲಾಗಿಟ್ಟು ಆಡುತ್ತಾರೆ. ಒಂದು ಕಣ್ಣು ಚೆಂಡಿನ ಮೇಲಿದ್ದರೆ ಇನ್ನೊಂದು ಕಣ್ಣು ಕಾಗೆಗಳ ಮೇಲೆ. ಮೂರನೆಯವರು ಮಂಡಿ ಮೊಹಲ್ಲಾದ ಕಡೆಯವರು. ಉಗ್ರಾಣದ ಹಿಂದಿನ ಇಕ್ಕಟ್ಟಾದ ಅಂಗಳದಲ್ಲಿ ಅಭ್ಯಾಸ ಮಾಡಿ ಗೋಡೆಗೆ ಚೆಂಡು ಬಡಿದು ಹಿಡಿಯುವುದರಲ್ಲಿ ನಿಸ್ಸೀಮರು; ಬಯಲಿಗೆ ಬಂದರೆ ಗೋಡೆಯನ್ನು ಹುಡುಕುತ್ತಾರೆ. ನಾಲ್ಕನೆಯವರು ನಾವು. ಬರಿಗಾಲಿನವರು.

ನೀವು ಈ ಆಟ ನೋಡಿಲ್ಲದಿದ್ದರೆ ಒಂದು ಮಾತು ತಿಳಿದಿರಲಿ. ಈಗಿರುವ ನಿಯಮದ ಪ್ರಕಾರ ಪ್ರತಿ ಸಲ ಬುಟ್ಟಿಗೆ ಚೆಂಡು ಬಿದ್ದ ಮೇಲೂ ಎರಡೂ ಕಡೆಯ ಸೆಂಟರುಗಳು ಮೈದಾನದ ನಡುವೆ ಎದುರುಬದುರು ನಿಲ್ಲಬೇಕು. ಚೆಂಡನ್ನು ಮೇಲಕ್ಕೆ ಎಸೆಯುತ್ತಾರೆ, ಇಬ್ಬರೂ ನೆಗೆಯುತ್ತಾರೆ, ಯಾರ ಕೈ ಮೇಲೋ ಚೆಂಡು ಅವರ ಕಡೆಗೆ. ಆದ್ದರಿಂದ ಎತ್ತರದ ಸೆಂಟರ್ ಇದ್ದವರಿಗೆ ಅರ್ಧ ಆಟ ಗೆದ್ದಂತೆಯೇ. ನಾನು ಪ್ರತ್ಯಕ್ಷ ಪ್ರಮಾಣವನ್ನು ನಂಬುವವನಾದ್ದರಿಂದ ಊಹೆಗೆ ಎಡೆಗೊಡಬಾರದೆಂದು ಎಲ್ಲರ ಎತ್ತರವನ್ನೂ ಅಳೆದೆ. ನಮ್ಮ ಹುಡುಗರನ್ನು ಹಾಸ್ಟೆಲಿನ ಊಟದ ಮನೆಯ ಬಾಗಿಲುವಾಡಕ್ಕೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೀಟು ಎಳೆದೆ. ಉಳಿದ ಮೂರು ತಂಡಗಳ ಮೈದಾನಕ್ಕೆ ಸೈಕಲ್ಲಿನಲ್ಲಿ ಹೋಗಿ ಬುಟ್ಟಿಯ ಕಂಬಕ್ಕೆ ನಿಲ್ಲಿಸಿ ಅಳೆದು ಬಂದೆ.

ನಮ್ಮ ಸೆಂಟರ್ ಮಾದಯ್ಯ. ಅವನು ಎದ್ದು ನಿಂತರೆ ಕಾಲೇಜಿನ ಬಾಗಿಲುಗಳೆಲ್ಲ ವಿನಯ ಕಲಿಸುತ್ತಿದ್ದವು. ಮೈದಾನದ ಹೊರಗೆ ಹತ್ತು ಮಾತಿಗೆ ಒಂದು ಮಾತು ಆಡುವವನು, ಆ ಒಂದರಲ್ಲೂ ನನಗೆ "ನೀವು" ಎನ್ನುವವನು, ಆಟದ ಬಿರುಸಿನಲ್ಲಿ ಮಾತ್ರ "ಕೊಡೋ ಇಲ್ಲಿ! ಏ ಕುಳ್ಳ, ಕೊಡೋ!" ಎಂದು ಕೂಗುತ್ತಿದ್ದ. ಕುಳ್ಳ ನಾನು. ತಂಡದ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ಯಾರಿಗಾದರೂ ಜ್ವರ ಬಂದರೆ ನನಗೆ ಯೋಗ.

ಅವನು ಆದಿಕರ್ನಾಟಕರ ಕೇರಿಯವನೆಂಬುದು ನಮ್ಮ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಈ ಹೇಳದಿರುವಿಕೆಯನ್ನು ಕಟ್ಟಿ ನಿಲ್ಲಿಸಿದವರು ವ್ಯಾಯಾಮದ ಇನ್ನಾಸಪ್ಪ ಮೇಷ್ಟ್ರು. ಭಾನುವಾರದ ಪೂಜೆ ತಪ್ಪಿಸದ ಕ್ರೈಸ್ತರು, ಮಿತಭಾಷಿಗಳು. ಚೊಂಬಿಗೆ ತುಟಿ ತಾಗಿಸಿದರೆ ಕ್ರಿಮಿಗಳು ಹರಡುತ್ತವೆಂದು ಹೇಳಿ, ಆಟದ ನಡುವೆ ಎರಡೂ ತಂಡಗಳವರ ಬೊಗಸೆಗೂ ತಾವೇ ನೀರು ಹೊಯ್ಯುತ್ತಿದ್ದರು. ಕ್ರಿಮಿಗಳಿಗೆ ಜಾತಿಯಿಲ್ಲವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಒಂದು ವರ್ಷ ಮಾದಯ್ಯ ಎಲ್ಲರೊಡನೆ ಆಡಿದ, ಎಲ್ಲರೊಡನೆ ನೀರು ಕುಡಿದ.

ನನಗೆ ಇದು ಹೇಡಿತನವಾಗಿ ಕಂಡಿತು. ಸತ್ಯವನ್ನು ಮುಚ್ಚಿಡಬೇಕೆ? ಲೇಖನದಲ್ಲಿ ಉಳಿದವರಿಗೆ ಎರಡೆರಡು ಸಾಲು ಕೊಟ್ಟು ಮಾದಯ್ಯನಿಗೆ ಒಂದು ಪುಟವನ್ನೇ ಕೊಟ್ಟೆ. ಅವನ ಕೇರಿಯನ್ನು ಹೆಸರಿಸಿದೆ. ಶತಮಾನಗಳ ಕಾಲ ಬಗ್ಗಿದ ಬೆನ್ನು ಇಂದು ನೆಟ್ಟಗಾಗಿ ಆಕಾಶಕ್ಕೆ ನೆಗೆಯುತ್ತಿದೆ ಎಂದೆ. ಅವನ ಒಂದೊಂದು ನೆಗೆತವೂ ಸಂಪ್ರದಾಯದ ಕೆನ್ನೆಗೆ ಒಂದೊಂದು ಏಟು ಎಂದೆ. ಆದ್ದರಿಂದ ಗೆಲ್ಲುವವರು ನಾವೇ ಎಂದು ಭವಿಷ್ಯ ನುಡಿದೆ. ಬರೆದು ಮುಗಿಸಿ ಗಟ್ಟಿಯಾಗಿ ಮೂರು ಸಲ ಓದಿಕೊಂಡೆ. ಮೂರು ಸಲವೂ ಕಣ್ಣಲ್ಲಿ ನೀರು ಬಂತು. ಬರೆದವನಿಗೇ ಅಳು ಬರಿಸುವ ಬರಹವನ್ನು ಸಂಶಯದಿಂದ ನೋಡಬೇಕೆಂದು ಆಗ ತಿಳಿದಿರಲಿಲ್ಲ.

ಪತ್ರಿಕೆ ಕೈಯಿಂದ ಕೈಗೆ ಹೋಗಿ ಪೇಟದವರನ್ನು ಮುಟ್ಟಿತು. ನಮ್ಮ ಮೊದಲ ಪಂದ್ಯ ಅವರೊಡನೆಯೇ. ಅಂದು ಅವರು ಮೈದಾನಕ್ಕೆ ಬಂದರು, ಪೇಟ ತೆಗೆಯಲಿಲ್ಲ. ಅವರ ನಾಯಕ ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮೇಷ್ಟ್ರ ಬಳಿ ಬಂದು ಮೆಲ್ಲಗೆ, "ನಿಮ್ಮ ಸೆಂಟರ್ ಇದ್ರೆ ನಾವು ಇಳಿಯೋಕಾಗಲ್ಲ ಸಾರ್" ಎಂದ.

ವಾದ ಮಾಡಲು ನಾನಿದ್ದೆನಲ್ಲ! ನಿಯಮದ ಪುಸ್ತಕ ಹಿಡಿದು ಮುಂದೆ ಬಂದೆ. ಆಟಗಾರನ ಜಾತಿ ಕೇಳುವ ನಿಯಮ ಯಾವ ಪುಟದಲ್ಲಿದೆ ತೋರಿಸಿ ಎಂದೆ. ಆಮೇಲೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ: "ಈ ಆಟದಲ್ಲಿ ಎದುರಾಳಿಯ ಮೈ ಮುಟ್ಟೋದೇ ತಪ್ಪು ಕಣ್ರೀ! ಮುಟ್ಟಿದ್ರೆ ಸೀಟಿ ಊದ್ತಾರೆ. ನಿಮ್ಮ ಮಡಿಯನ್ನ ನಿಯಮವೇ ಕಾಯ್ತಿರೋವಾಗ ನಿಮಗೇನ್ರೀ ಭಯ?"

ಎಲ್ಲರೂ ನಕ್ಕರು. ಪೇಟದವರೂ ನಕ್ಕರು. ಇಡೀ ಮೈದಾನದಲ್ಲಿ ನಗದವರು ಇಬ್ಬರು: ಇನ್ನಾಸಪ್ಪ ಮೇಷ್ಟ್ರು, ಮಾದಯ್ಯ.

"ವಾದದಲ್ಲಿ ಸೋತ್ವಿ ಅಂತಲೇ ಇಟ್ಕೊಳ್ಳಿ" ಎಂದ ನಾಯಕ. "ಹೋದ ವರ್ಷ ಇವರ ಜೊತೆ ಆಡಲಿಲ್ವೆ ನಾವು? ಆಗ ಗೊತ್ತಿಲ್ಲ ಅಂತ ಇದ್ವಿ. ಈಗ ಮನೇಲಿ ದೊಡ್ಡವರೆಲ್ಲ ನಿಮ್ಮ ಪತ್ರಿಕೆ ಓದ್ಬುಟ್ಟಿದ್ದಾರೆ. ಗೊತ್ತಿಲ್ಲ ಅನ್ನೋಕೆ ನೀವು ಜಾಗ ಎಲ್ಲಿ ಬಿಟ್ಟಿದ್ದೀರಿ ಹೇಳಿ?"

ಅದೂ ನ್ಯಾಯವಲ್ಲ; ಅವನಿಗೂ ಅದು ಗೊತ್ತಿತ್ತು.

"ನಾವು ಆಡೋದು ಬೇಡ. ನಡೀರೋ, ಹೋಗೋಣ" ಎಂದರು ಮೇಷ್ಟ್ರು. ನಮ್ಮವರು ಯಾರೂ ಅಲುಗಲಿಲ್ಲ. ಒಬ್ಬ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. ಇನ್ನೊಬ್ಬ ಚೆಂಡಿನ ದಾರವನ್ನು ಬಿಚ್ಚಿ ಕಟ್ಟಿದ. ನಾನು ನಿಯಮದ ಪುಸ್ತಕದ ಪುಟ ತಿರುವಿದೆ.

ಮಾದಯ್ಯ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಆಮೇಲೆ, "ಬುಡಿ ಸಾ, ಆಡ್ಲಿ" ಎಂದು ಬನಿಯನ್ನು ಕಳಚಿ ನನ್ನ ಕಡೆ ಚಾಚಿದ. ತಂಡಕ್ಕೆ ಇದ್ದದ್ದು ಐದೇ ಬನಿಯನ್. ಆಡುವವನು ಅದನ್ನೇ ತೊಡಬೇಕು. ಅಭ್ಯಾಸ ಮಾಡಿ ಬೆವೆತಿದ್ದ, ಬೆಚ್ಚಗಿದ್ದ ಬನಿಯನ್ ಅದು.

ನನ್ನ ಕೈ ನಿಂತಿತು. ಒಂದು ಕ್ಷಣ. ಭಾಷಣದ ನಡುವೆ ಅಷ್ಟು ಹೊತ್ತು ತಡೆದರೆ ಸಭಿಕರಿಗೆ ಗೊತ್ತಾಗುವುದಿಲ್ಲ. ಮಾದಯ್ಯನಿಗೆ ಗೊತ್ತಾಯಿತು. ಆಮೇಲೆ ಇಸಿದುಕೊಂಡು ತೊಟ್ಟೆ. ಅದು ನನ್ನ ಮೊಣಕಾಲಿಗೆ ಬಂತು. ಬೆವರು ಯಾರದಾದರೂ ನಾರುವ ರೀತಿ ಒಂದೇ ಎಂಬ ತರ್ಕ ಆಗ ನೆನಪಾಯಿತು, ಸ್ವಲ್ಪ ತಡವಾಗಿ.

ಆ ದಿನದ ಆಟವನ್ನು ವರ್ಣಿಸುವ ಆಸೆಯಿಲ್ಲ. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಪುಸ್ತಕ ಹಿಡಿದಿದ್ದವನೇ ನಿಲ್ಲಲಿ ಎಂದು ನನ್ನನ್ನೇ ಸೆಂಟರಿನಲ್ಲಿ ನಿಲ್ಲಿಸಿದರು. ಅವರ ಸೆಂಟರಿನ ಎದೆಯ ಗುಂಡಿ ನನ್ನ ಕಣ್ಣಿನ ನೇರಕ್ಕಿತ್ತು. ಅವರು ಬುಟ್ಟಿಗೆ ಹಾಕುವುದು, ನಾನು ನಡುವೆ ಬಂದು ನಿಲ್ಲುವುದು, ನೆಗೆಯುವುದು, ಅವನ ಮೊಣಕೈಯನ್ನು ಕೆಳಗಿನಿಂದ ನೋಡಿ ಇಳಿಯುವುದು. ಮತ್ತೆ ಬುಟ್ಟಿ, ಮತ್ತೆ ನಡುವೆ. ನರಕದಲ್ಲಿ ಎಣ್ಣೆ ಕೊಪ್ಪರಿಗೆ ಇದೆಯೆಂಬುದನ್ನು ನಾನು ಒಪ್ಪುವುದಿಲ್ಲ. ಸೆಂಟರ್ ಜಂಪ್ ಇದ್ದೀತು.

ಮುಗಿದ ಮೇಲೆ ಮಾದಯ್ಯನ ಬಳಿ ಹೋಗಿ ಬನಿಯನ್ನನ್ನು ಹಿಂದಿರುಗಿಸಿ, ನನ್ನ ಉದ್ದೇಶ ಒಳ್ಳೆಯದಿತ್ತು ಎಂದು ಆರಂಭಿಸಿದೆ. ಪೂರ್ವಪಕ್ಷ, ಸಿದ್ಧಾಂತ ಎಲ್ಲ ಸಿದ್ಧವಾಗಿತ್ತು. ಅವನು ಬನಿಯನ್ನನ್ನು ಮಡಿಚುತ್ತ, "ನಿಮಗೆ ವಾದ ಬೇಕಾಗಿತ್ತು. ನಂಗೆ ಚೆಂಡು ಬೇಕಾಗಿತ್ತು. ಅಷ್ಟೇಯ" ಎಂದ. ಅಂದಿನಿಂದ ಅಭ್ಯಾಸಕ್ಕೂ ಬರಲಿಲ್ಲ. ಕುಳ್ಳ ಎಂದು ನನ್ನನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಅದು ಬೈಗುಳವಲ್ಲ, ಮರ್ಯಾದೆಯಾಗಿತ್ತು ಎಂದು ತಿಳಿಯಲು ಅದು ನಿಲ್ಲಬೇಕಾಯಿತು.

ಈಗ ಮತ್ತೆ ಆಷಾಢ, ಮತ್ತೆ ಸಂಪಾದಕ. ಇನ್ನಾಸಪ್ಪ ಮೇಷ್ಟ್ರು ಪಂದ್ಯ ನಡೆಸುವವರಿಗೆ ಈ ಸಲವೂ ಸೆಂಟರಾಗಿ ಮಾದಯ್ಯನ ಹೆಸರನ್ನೇ ಕಳಿಸಿದ್ದಾರೆ. ಅವನಿಲ್ಲದಿದ್ದರೆ ತಂಡವೇ ಇಲ್ಲ ಎಂದು ಕೆಳಗೆ ಒಂದು ಸಾಲು ಬರೆದಿದ್ದಾರಂತೆ. ಪೇಟದವರು ಏನನ್ನುತ್ತಾರೋ ಗೊತ್ತಿಲ್ಲ. ನಾನು ಒಂದು ವರ್ಷ ತಡವಾಗಿ ಕಲಿತ ಕೆಲಸ ಮಾಡಿದೆ: ಬರೆಯುವ ಮುಂಚೆ ಅವನ ಬಳಿ ಹೋಗಿ ಏನು ಬರೆಯಲಿ ಎಂದು ಕೇಳಿದೆ.

"ಹೆಸರು ಹಾಕಿ. ಎತ್ತರ ಹಾಕಿ. ಎತ್ತರ ಸರಿಯಾಗಿ ಹಾಕಿ. ಹೋದ್ಸಲ ಆರಡಿ ಅಂತ ಬರೆದ್ರಿ. ಎರಡಂಗುಲ ಕಮ್ಮಿ ಹಾಕ್ಬುಟ್ರಿ."

"ಎಲ್ಲರನ್ನೂ ಅಳೆದೇ ಬರೆದದ್ದು" ಎಂದೆ.

"ನನ್ನ ಅಳೀಲೇ ಇಲ್ವಲ್ಲ ನೀವು?"

ಹೌದು. ಹಾಸ್ಟೆಲಿನ ಊಟದ ಮನೆಯ ಬಾಗಿಲಿಗೆ ಅವನು ಬರುವಂತಿರಲಿಲ್ಲ. ನಮ್ಮ ಮೈದಾನಕ್ಕೂ ಒಂದು ಕಂಬವಿತ್ತು, ಅದು ನನಗೆ ಹೊಳೆದಿರಲಿಲ್ಲ. ಇಡೀ ಪಂಚಾಂಗದಲ್ಲಿ ಒಬ್ಬನ ಎತ್ತರವನ್ನು ಮಾತ್ರ ದೂರದಿಂದ ಅಂದಾಜು ಮಾಡಿ ಬರೆದಿದ್ದೆ, ಅವನ ಮೇಲೆಯೇ ಒಂದು ಪುಟ ತುಂಬ.

ನಿನ್ನೆ ಸಂಜೆ ಅವನು ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ನಾನು ಕಲ್ಲಿನ ಮೇಲೆ ಹತ್ತಿ ಅವನ ನೆತ್ತಿಯ ಮೇಲೆ ಪಟ್ಟಿ ಇಟ್ಟೆ. "ಕೂದಲು ಒತ್ತಿ ಇಡಿ. ಆಮೇಲೆ ಜಾಸ್ತಿ ಬರ್ಕೊಂಡ್ರು ಅಂದ್ಬುಟ್ಟಾರು" ಎಂದ. ಒತ್ತಿ ಇಟ್ಟೆ.

ಈ ಸಲದ ಲೇಖನ ಒಂದು ಪುಟವೂ ಇಲ್ಲ. ಗೆಲ್ಲುವವರು ಯಾರೆಂದು ಬರೆದಿಲ್ಲ. ಪಂದ್ಯ ನಡೆಯುತ್ತದೆಯೇ ಎಂಬುದು ನನಗೂ ಗೊತ್ತಿಲ್ಲ. ಕೊನೆಯ ಸಾಲು ಇದು: ಸೆಂಟರ್ ಮಾದಯ್ಯ, ಆರಡಿ ಎರಡಂಗುಲ, ಕೂದಲು ಒತ್ತಿ. ಇದೊಂದು ಸುಳ್ಳಾಗುವುದಿಲ್ಲ.