ಕಣ್ಣು ಮುಚ್ಚಿ ಹಿಮ್ಮಡಿ ನೋಡುವ ಡಾಕ್ಟರು

ಹಿಮ್ಮಡಿ ಮುಟ್ಟುವಾಗ ಡಾಕ್ಟರು ಕಣ್ಣು ಮುಚ್ಚುತ್ತಿದ್ದರು. ಬೋರಲು ಮಲಗಿದವರ ಮೀನಖಂಡವನ್ನು ಒಂದು ಕೈಯಲ್ಲಿ ಹಿಂಡಿ, ಪಾದ ಅಲುಗುತ್ತದೆಯೇ ಎಂದು ಇನ್ನೊಂದು ಕೈಯಿಂದ ತಿಳಿಯುತ್ತಿದ್ದರು. ಫಳ್ನೀರಿನ ಅವರ ಕ್ಲಿನಿಕ್ಕಿಗೆ ಬರುವ ಆಟಗಾರರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ನನ್ನನ್ನು "ನೀನು ಎಡಗಾಲು ಅಲ್ವಾ?" ಎಂದೇ ಮಾತಾಡಿಸುತ್ತಿದ್ದರು.

ನಾನು ವಾಲಿಬಾಲ್ ಆಡುವವಳು. ಹಿಮ್ಮಡಿಯ ಸ್ನಾಯುರಜ್ಜು ಮೊದಲ ಸಲ ಹರಿದಾಗ ಹೊಲಿದವರು ಅವರೇ. "ನಾನು ಹೇಳುವವರೆಗೆ ಕೋರ್ಟಿಗೆ ಇಳೀಬಾರ್ದು" ಎಂದಿದ್ದರು. ಅಮ್ಮನ ಎದುರೇ ಹೂಂ ಎಂದಿದ್ದೆ. ನಾಲ್ಕನೇ ತಿಂಗಳು, ಒಂದು ಭಾನುವಾರ, ನಮ್ಮ ತಂಡಕ್ಕೆ ಒಬ್ಬಳು ಕಡಿಮೆಯಾದಳು. "ಹಾರುದು ಬೇಡ ಮಾರಾಯ್ತಿ, ಆರು ಜನ ಆಗ್ಲಿಕ್ಕೆ ಸುಮ್ಮನೆ ಹಿಂದೆ ನಿಲ್ಲು" ಎಂದಳು ಕ್ಯಾಪ್ಟನ್. ಉರ್ವ ಮಾರ್ಕೆಟಿನಿಂದ ಮೀನು ತರುತ್ತೇನೆಂದು ಅಮ್ಮನಿಗೆ ಹೇಳಿ ಮೈದಾನಕ್ಕೆ ಹೋದೆ. ಚೆಂಡು ತಲೆಯ ಮೇಲೆ ಬಂದರೆ ಹಾರದೆ ನಿಲ್ಲಲು ನನಗೆಲ್ಲಿ ಬರುತ್ತದೆ! ಹಾರಿದೆ. ಹಿಂದಿನಿಂದ ಯಾರೋ ಒದ್ದ ಹಾಗಾಯಿತು. ಹಿಂದೆ ಯಾರೂ ಇರಲಿಲ್ಲ. ಕ್ಯಾಪ್ಟನ್ನೇ ಸ್ಕೂಟರಿನಲ್ಲಿ ಮನೆಗೆ ತಂದು, ಮಾರ್ಕೆಟಿನ ಮೆಟ್ಟಿಲಲ್ಲಿ ಜಾರಿದಳು ಎಂದು ಅಮ್ಮನಿಗೆ ಹೇಳಿದಳು. ನಾನು ಹೌದೆಂದೆ.

ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿದೆವು. ಅಮ್ಮ ಸ್ಕ್ಯಾನಿನ ರಿಪೋರ್ಟ್ ತರಲು ಹೊರಗೆ ಹೋದಾಗ ಡಾಕ್ಟರು ಕಣ್ಣು ಬಿಟ್ಟರು. ನನ್ನ ಮಂಡಿಯ ಹಿಂದೆ, ಆಡುವಾಗ ಬಿಗಿಯುವ ನೀ-ಪ್ಯಾಡಿನ ಕೆಂಪು ಗುರುತು ಇನ್ನೂ ಮಾಸಿರಲಿಲ್ಲ.

"ಮೀನು ತರ್ಲಿಕ್ಕೆ ನೀ-ಪ್ಯಾಡ್ ಹಾಕಿ ಹೋಗುದಾ?"

ನಾನು ಮುಖವನ್ನು ದಿಂಬಿಗೆ ಒತ್ತಿದೆ.

"ಅಮ್ಮನಿಗೆ ನೀನೇ ಹೇಳು. ನಾನು ಹೇಳುದಿಲ್ಲ."

ನಾನು ಹೇಳಲಿಲ್ಲ. ಅಮ್ಮ ಒಳಗೆ ಬಂದವಳೇ, "ಎಂತ ಡಾಕ್ಟ್ರೇ, ಒಂದು ಮೆಟ್ಟಿಲಿಗೆ ಬಿಟ್ಟು ಹೋಗುವ ಹೊಲಿಗೆಯಾ ನಿಮ್ದು?" ಎಂದು ರೇಗಿದಳು. ಅವರು ನನ್ನತ್ತ ನೋಡಲೂ ಇಲ್ಲ. "ಈ ಸಲ ಬೇರೆ ರೀತಿ ಮಾಡುವ ಅಮ್ಮ" ಎಂದರು, ಅಷ್ಟೆ.

ಹರಿದ ತುದಿಗಳು ಹುರಿ ಬಿಚ್ಚಿದ ಹಗ್ಗದಂತಾಗಿ ದೂರ ಸರಿದಿದ್ದವು. ಎಳೆದು ಹೊಲಿದರೆ ನಿಲ್ಲುವಂತಿರಲಿಲ್ಲ. ಕಾಲಿನ ಹೆಬ್ಬೆರಳು ಮಡಚುವ ಸ್ನಾಯುರಜ್ಜುವನ್ನು ತಂದು ಹಿಮ್ಮಡಿಯ ಮೂಳೆಗೆ ಕೂಡಿಸಿದರು. ಗಾಯ ಮಾಗಿದ ಮೇಲೆ, ಹೋದಾಗಲೆಲ್ಲ ಒಂಟಿಗಾಲಿನ ತುದಿಯಲ್ಲಿ ಏಳಿಸಿ, ಕಣ್ಣು ಮುಚ್ಚಿ, "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲಿ ಎಣಿಸುತ್ತಿದ್ದರು. ಎಣಿಸುವ ಮೊದಲು ಒಂದೇ ಪ್ರಶ್ನೆ: "ಹೇಳಿದ್ಯಾ?"

"ಇಲ್ಲ."

"ಸರಿ, ಹಿಮ್ಮಡಿ ಎತ್ತು."

ಅಷ್ಟರಲ್ಲಿ ಅಮ್ಮ ಉರ್ವವಿಡೀ ಅವರ ಹೊಲಿಗೆಯ ಕಥೆ ಹೇಳಿ ಮುಗಿಸಿದ್ದಳು. ನೆರೆಮನೆಯವರು ಓಟಗಾರ್ತಿ ಮಗಳನ್ನು ಅತ್ತಾವರದ ಬೇರೆ ಡಾಕ್ಟರ ಬಳಿ ಕರೆದೊಯ್ದರು. ತಂಡದವರು ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಅಮ್ಮನ ಬೈಗುಳ ಅವರಿಗೇ ಇರಲಿ ಎಂದು ಸುಮ್ಮನಿದ್ದೆ.

ಒಂಟಿಗಾಲಿನಲ್ಲಿ ಇಪ್ಪತ್ತೈದು ಸಲ ಎದ್ದ ದಿನ, "ಇನ್ನು ಹಾರು. ಮೊದಲಿನಷ್ಟು ಎತ್ತರ ಸಿಗ್ಲಿಕ್ಕಿಲ್ಲ" ಎಂದರು. ಈಗಲೂ ಆಡುತ್ತೇನೆ, ನಾಲ್ಕು ಬೆರಳು ಕೆಳಗೆ.

ಹೋದ ವರ್ಷ ಡಾಕ್ಟರು ತೀರಿಕೊಂಡರು. ಪೇಪರಿನಲ್ಲಿ ಫೋಟೋ ನೋಡಿ ಅಮ್ಮ, "ಪಾಪ, ಒಳ್ಳೆ ಜನ. ಆ ಮೊದಲಿನ ಹೊಲಿಗೆ ಒಂದು ಸರಿ ಹಾಕಿದ್ರೆ..." ಎಂದಳು. ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅಮ್ಮ ಪೇಪರು ಮಡಚಿಟ್ಟಳು.

"ನಾನು ಅಷ್ಟು ಬೈಯುವಾಗ ಅವರು ಎಂತಕ್ಕೆ ಸುಮ್ಮನಿದ್ದದ್ದು?"

"ನಾನು ಹೇಳ್ತೇನೆ ಅಂತ ಕಾದದ್ದು, ಅಮ್ಮ."